ಅರಗು, ಗಾರೆ, ಡಾಂಬರು: ಶ್ರೀರಂಗಪಟ್ಟಣದ ಸೀಮೆಯ ಜಲರೋಧಕ ಲೇಪಗಳ ವಿಚಾರ

ಕಟ್ಟಡದೊಳಕ್ಕೆ ಮಳೆಯ ನೀರು ಇಳಿಯದಂತೆಯೂ ಕಟ್ಟೆಯೊಳಗಣ ನೀರು ಹೊರಕ್ಕೆ ಒಸರದಂತೆಯೂ ತಡೆಯತಕ್ಕ ದ್ರವ್ಯಗಳನ್ನು ನಮ್ಮ ಪೂರ್ವಿಕರು ಬಲ್ಲವರಾಗಿದ್ದರೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆ ದ್ರವ್ಯಗಳು ಯಾವುವೆಂಬ ವಿಷಯದಲ್ಲಿ ಮಾತ್ರ ಈಚೆಗೆ ಒಂದು ಗೊಂದಲವು ಬೆಳೆದುಬಂದಿದೆ. ಇಂದು ಸೇತುವೆಗಳ ಮೇಲ್ಮೈಗೂ ದೊಡ್ಡ ಕಟ್ಟಡಗಳ ಮಾಳಿಗೆಗೂ ಹಾಕುವ, 'ಮ್ಯಾಸ್ಟಿಕ್ ಆಸ್ಫಾಲ್ಟ್' ಎಂದು ಎಂಜಿನಿಯರರು ಕರೆಯುವ ಕರಿಯ ಲೇಪವು ನಮ್ಮಲ್ಲಿ ಹಿಂದೆಯೇ ಇದ್ದಿತು. ಅದರ ಮೂಲದ್ರವ್ಯವೇ ಶಿಲಾಜತು. ಅದರ ಪಾಕವೇ ವರಾಹಮಿಹಿರನು ಹೇಳಿದ ವಜ್ರಲೇಪ. ಅದರ ಬಲದಿಂದಲೇ ಹೊಯ್ಸಳರ ದೇವಾಲಯಗಳೂ ಕನ್ನಂಬಾಡಿಯ ಕಟ್ಟೆಯೂ ನಿಂತಿವೆ ಎಂಬ ಮಾತು ಸಭೆಗಳಲ್ಲಿಯೂ ಪಾಠದ ಕೊಠಡಿಗಳಲ್ಲಿಯೂ ಕೇಳಬರುತ್ತದೆ. ಕೇಳುವುದಕ್ಕೆ ಇಂಪಾದ ಮಾತು. ಆದರೆ ಇದರಲ್ಲಿ ಒಂದಕ್ಕೊಂದು ಸೇರದ ನಾಲ್ಕು ಪದಾರ್ಥಗಳು ಕಲಸಿಹೋಗಿವೆ. ಅವುಗಳನ್ನು ಬೇರ್ಪಡಿಸಿ ನೋಡುವುದೇ ಈ ಲೇಖನದ ಉದ್ದೇಶವು. ಇದು ಕೇವಲ ಕೋಶಕಾರರ ಜಗಳವಲ್ಲ. ಹಳೆಯ ಗುಡಿಯ ಮಾಳಿಗೆ ಸೋರಿದಾಗ ಅದರ ಮೇಲೆ ಏನನ್ನು ಹಾಕಬೇಕೆಂಬುದು ಈ ಶಬ್ದಗಳ ಅರ್ಥನಿರ್ಣಯವನ್ನು ಅವಲಂಬಿಸಿದೆ.

ವಿಚಾರಕ್ಕೆ ಕ್ಷೇತ್ರವಾಗಿ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳನ್ನು ಹಿಡಿದಿದ್ದೇನೆ. ೧೯೩೯ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟ ಮಂಡ್ಯ ಜಿಲ್ಲೆಯಲ್ಲಿ ಇವು ಸೇರಿವೆ. ಗಂಗರ ಕಾಲದ ಕಂಬದಹಳ್ಳಿಯ ಪಂಚಕೂಟ ಬಸದಿಯಿಂದ ಮೊದಲ್ಗೊಂಡು ೧೯೩೨ರಲ್ಲಿ ಮುಗಿದ ಕೃಷ್ಣರಾಜಸಾಗರದವರೆಗೆ ಸುಮಾರು ಒಂದು ಸಾವಿರ ವರ್ಷಗಳ ಕಟ್ಟಡದ ಕೆಲಸವು ಇಷ್ಟು ಚಿಕ್ಕ ಸೀಮೆಯಲ್ಲಿ ಕಣ್ಣೆದುರಿಗೆ ಇರುವುದು ಬೇರೆಡೆ ಅಪರೂಪ.

ಮೊದಲು ವಸ್ತುವನ್ನು ತಿಳಿಯೋಣ. ಸಾಮಾನ್ಯವಾದ ಡಾಂಬರಿನ ರಸ್ತೆಯಲ್ಲಿ ಜಲ್ಲಿಯೇ ಮುಖ್ಯ. ಡಾಂಬರು ಅದನ್ನು ಅಂಟಿಸುವುದಷ್ಟೇ. ಉರುಳುಗಲ್ಲಿನ ಯಂತ್ರದಿಂದ ಅದುಮಿದ ಮೇಲೆಯೂ ಒಳಗೆ ಸಣ್ಣ ಸಣ್ಣ ತೆರಪುಗಳು ಉಳಿದಿರುತ್ತವೆ. ಮ್ಯಾಸ್ಟಿಕ್ ಪಾಕವು ಹಾಗಲ್ಲ. ಅದರಲ್ಲಿ ಬಿಟುಮೆನ್ ಎಂಬ ಶಿಲಾತೈಲದ ಗಷ್ಟಿನ ಪ್ರಮಾಣವು ಹೆಚ್ಚು. ಅದಕ್ಕೆ ಸುಣ್ಣಕಲ್ಲಿನ ನುಣ್ಣನೆಯ ಹುಡಿಯನ್ನೂ ಮರಳು ಸಣ್ಣಜಲ್ಲಿಗಳನ್ನೂ ಸೇರಿಸಿ, ನೀರು ಕುದಿಯುವ ಶಾಖಕ್ಕಿಂತ ಬಹಳ ಮೇಲಣ ಶಾಖದಲ್ಲಿ, ಸುಮಾರು ೧೭೦ರಿಂದ ೨೧೦ ಡಿಗ್ರಿಗಳವರೆಗೆ, ಗಂಟೆಗಟ್ಟಲೆ ಕಲಕುತ್ತ ಬೇಯಿಸುತ್ತಾರೆ. ಪಾಕವು ಹದಕ್ಕೆ ಬಂದಾಗ ಅಂಬಲಿಯಂತೆ ಹರಿಯುತ್ತದೆ. ಅದನ್ನು ಸುರಿದು, ಕಾರ್ಮಿಕರು ಮೊಣಕಾಲೂರಿ ಕುಳಿತು, ಮರದ ಹಲಗೆಯಿಂದ ಸವರಿ ಒಂದೆರಡು ಅಂಗುಲದ ಪದರವಾಗಿ ಹರಡುತ್ತಾರೆ. ಅದುಮುವ ಅವಶ್ಯಕತೆಯಿಲ್ಲ, ತೆರಪು ಎಂಬುದೇ ಅದರಲ್ಲಿ ಉಳಿಯುವುದಿಲ್ಲವಾದ್ದರಿಂದ ನೀರಿಗೆ ದಾರಿಯೂ ಇಲ್ಲ. ಐರೋಪ್ಯರಲ್ಲಿ ಇದರ ಇತಿಹಾಸವು ೧೭೧೨ರ ಸುಮಾರಿಗೆ ಐರಿನಿ ದೈರಿನಿಸ್ ಎಂಬ ಗ್ರೀಕ್ ಮೂಲದ ವೈದ್ಯನು ಸ್ವಿಟ್ಜರ್ಲೆಂಡಿನ ವಾಲ್ ದ ತ್ರಾವೆರ್ ಕಣಿವೆಯಲ್ಲಿ ಬಿಟುಮೆನ್ ತುಂಬಿದ ಸುಣ್ಣಕಲ್ಲಿನ ಬಂಡೆಯನ್ನು ಕಂಡುಹಿಡಿದಲ್ಲಿಂದ ಮೊದಲಾಗುತ್ತದೆ. ೧೮೩೦ರ ದಶಕದಲ್ಲಿ ಪ್ಯಾರಿಸಿನ ಕಾಲುದಾರಿಗಳಿಗೆ ಇದನ್ನು ಹಾಸಿದರು. ನಮ್ಮ ದೇಶದಲ್ಲಿ ಕಲ್ಕತ್ತೆಯ ಬೀದಿಗಳಲ್ಲಿ ಇದರ ಬಳಕೆ ವಿಶೇಷವಾಗಿದೆ.

ಇನ್ನು ಶಬ್ದಗಳು. ಇಲ್ಲಿ ಒಂದು ಸ್ವಾರಸ್ಯವು ಅಡಗಿದೆ. 'ಮ್ಯಾಸ್ಟಿಕ್' ಎಂಬ ಹೆಸರು ಕಲ್ಲಿನದೂ ಅಲ್ಲ, ಎಣ್ಣೆಯದೂ ಅಲ್ಲ. ಗ್ರೀಸ್ ದೇಶದ ಕಿಯೋಸ್ ದ್ವೀಪದಲ್ಲಿ ಬೆಳೆಯುವ ಒಂದು ಪೊದೆಮರದ ತೊಗಟೆಯಿಂದ ಒಸರುವ ಅಂಟಿಗೆ ಆ ಹೆಸರು. ಅಲ್ಲಿಯ ಜನರು ಅದನ್ನು ಬಾಯಲ್ಲಿ ಹಾಕಿ ಅಗಿಯುತ್ತಿದ್ದರು. ಅನಂತರ ಅಂಟಿನ ಪಾಕಗಳಿಗೆಲ್ಲ ಆ ಹೆಸರು ಹರಡಿತು. ನಮ್ಮ 'ಡಾಂಬರು' ಕೂಡ ಹಾಗೆಯೇ. ಇದು ಮರಾಠಿಯ ಡಾಂಬರ್, ಹಿಂದಿಯ ಡಾಮರ್ ಎಂಬವುಗಳೊಡನೆ ಒಂದೇ ಮಾತು. ಇದರ ಮೂಲವನ್ನು ಮಲಯ ಭಾಷೆಯ 'ದಾಮರ್' ಶಬ್ದದಲ್ಲಿ ಕಾಣುವುದು ವಾಡಿಕೆ. ಅದಕ್ಕೆ ಅರ್ಥವು ಮರದ ರಾಳ. ಹಡಗಿನ ಹಲಗೆಗಳ ಸಂದುಗಳಿಗೆ ರಾಳವನ್ನೂ ಎಣ್ಣೆಯನ್ನೂ ಕೂಡಿಸಿ ಬಳಿಯುತ್ತಿದ್ದ ನಾವಿಕರ ಬಾಯಲ್ಲಿ ಈ ಶಬ್ದವು ಸಮುದ್ರವನ್ನು ದಾಟಿ ಬಂದುದು. ನಮ್ಮ ಮಲೆನಾಡಿನ ಧೂಪದ ಮರದ ರಾಳವನ್ನು ವ್ಯಾಪಾರಿಗಳು 'ಬಿಳಿಯ ಡಾಮರ್' ಎಂದೂ ಕರಿಧೂಪದ ರಾಳವನ್ನು 'ಕರಿಯ ಡಾಮರ್' ಎಂದೂ ಕರೆಯುತ್ತ ಬಂದಿದ್ದಾರೆ. ಹೀಗೆ ಮರದ ಹೆಸರೇ ಕೊನೆಗೆ ಭೂಗರ್ಭದಿಂದ ಬಂದ ಕರಿಯ ವಸ್ತುವಿಗೆ ಅಂಟಿತು.

ಮೂರನೆಯ ಸಾಕ್ಷ್ಯವು ಸಂಸ್ಕೃತದ್ದು. ಅದು ಇವೆರಡಕ್ಕಿಂತಲೂ ಹಳೆಯದು. 'ಜತು' ಎಂದರೆ ಅರಗು. ಲ್ಯಾಟಿನಿನ 'ಬಿಟುಮೆನ್' ಶಬ್ದವೂ ಸಂಸ್ಕೃತದ 'ಜತು' ಶಬ್ದವೂ ಒಂದೇ ಮೂಲಧಾತುವಿನಿಂದ ಹೊರಟವು ಎಂದು ತೌಲನಿಕ ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಜರ್ಮನರು ಕಿಟಕಿಯ ಗಾಜಿಗೆ ಹಚ್ಚುವ ಮೆತ್ತೆಗೆ ಹೇಳುವ 'ಕಿಟ್' ಎಂಬುದೂ ಆ ಕುಲದ್ದೇ. ಆದಿಯಲ್ಲಿ ಅದರ ಅರ್ಥವು ಮರದ ಅಂಟು ಎಂದೇ ಇರಬೇಕು. ರೋಮಕರಲ್ಲಿ ಅದು ನೆಲದ ಅಂಟಾಯಿತು. ನಮ್ಮಲ್ಲಿ ಹುಳು ಮಾಡಿದ ಅರಗಾಯಿತು. ಬಂಡೆಯಿಂದ ಒಸರಿದುದನ್ನು ಕಂಡಾಗ ನಮ್ಮವರು ಅದಕ್ಕೆ 'ಶಿಲಾಜತು', ಕಲ್ಲಿನ ಅರಗು, ಎಂದು ಹೆಸರಿಟ್ಟರು. ಮೂರು ಕಡೆಗಳಲ್ಲಿ ಮೂರು ಜನಾಂಗಗಳು ಪರಸ್ಪರ ಕೇಳದೆ ಒಂದೇ ದಾರಿಯನ್ನು ಹಿಡಿದುವಷ್ಟೆ. ಕಾಯಿಸಿದರೆ ಕರಗುವುದು, ಆರಿದರೆ ಗಟ್ಟಿಯಾಗುವುದು, ನೀರಿಗೆ ಜಗ್ಗದಿರುವುದು ಎಂಬ ಗುಣಗಳನ್ನು ಮರದ ರಾಳದಲ್ಲಿ ಮೊದಲು ಕಂಡವರು, ನೆಲದ ವಸ್ತುವಿನಲ್ಲಿ ಅವನ್ನೇ ಕಂಡು ಹಳೆಯ ಹೆಸರನ್ನು ಅದಕ್ಕೆ ಕೊಟ್ಟರು.

ಆದರೆ ಹೆಸರಿನ ಸಾಮ್ಯದಿಂದ ವಸ್ತುವಿನ ಐಕ್ಯವನ್ನು ಹೇಳುವುದು ಅಪಾಯಕರ. ನಮ್ಮ ಆಯುರ್ವೇದದ ಶಿಲಾಜತುವು ಬಿಟುಮೆನ್ ಅಲ್ಲ. ಗ್ರೀಷ್ಮದ ಬಿಸಿಲಿಗೆ ಕಾದ ಪರ್ವತಶಿಲೆಗಳಿಂದ ಅರಗಿನಂತೆ ಒಸರುವುದೆಂದು ಸುಶ್ರುತನೂ, ಚಿನ್ನ ಬೆಳ್ಳಿ ತಾಮ್ರ ಕಬ್ಬಿಣಗಳ ಸಂಬಂಧದಿಂದ ನಾಲ್ಕು ಬಗೆಯೆಂದು ಚರಕನೂ ಹೇಳುತ್ತಾರೆ. ಇಂದಿನ ರಸಾಯನಶಾಸ್ತ್ರಜ್ಞರ ಪರೀಕ್ಷೆಯಲ್ಲಿ ಅದು ಬಹುಮಟ್ಟಿಗೆ ಸಸ್ಯಾದಿಗಳು ಕೊಳೆತು ಉಂಟಾದ ಆಮ್ಲಗಳ ಕೂಟವೆಂದೂ ನೀರಿನಲ್ಲಿ ಕರಗತಕ್ಕುದೆಂದೂ ತಿಳಿದುಬಂದಿದೆ. ವೈದ್ಯರು ಅದನ್ನು ಶೋಧಿಸುವುದೇ ನೀರಿನಲ್ಲಿ ಕರಗಿಸಿ. ನೀರಿನಲ್ಲಿ ಕರಗುವ ವಸ್ತುವನ್ನು ನೀರನ್ನು ತಡೆಯಲು ಮಾಳಿಗೆಯ ಮೇಲೆ ಬಳಿಯುವವನು ಯಾರು? ಕೋಶಗಳಲ್ಲಿ ಶಿಲಾಜತು ಎಂಬಲ್ಲಿ ಬಿಟುಮೆನ್ ಎಂದೂ, ಬಿಟುಮೆನ್ ಎಂಬಲ್ಲಿ ಶಿಲಾಜತು ಎಂದೂ ಬರೆದುಕೊಂಡು ಬಂದುದರಿಂದ ಈ ಭ್ರಾಂತಿಯು ನೆಲಸಿದೆ. ಭಾರತದಲ್ಲಿ ಬಿಟುಮೆನಿನ ಬಳಕೆಗೆ ನಿಸ್ಸಂದೇಹವಾದ ಪ್ರಾಚೀನ ನಿದರ್ಶನವೆಂದರೆ ೧೯೨೫-೨೬ರ ಉತ್ಖನನದಲ್ಲಿ ಹೊರಬಿದ್ದ ಮೊಹೆಂಜೊದಾರೊದ ಮಹಾಸ್ನಾನಗೃಹವು. ಅದರ ಇಟ್ಟಿಗೆಯ ಗೋಡೆಯ ಹಿಂದೆ ಸುಮಾರು ಒಂದು ಅಂಗುಲ ದಪ್ಪದ ಬಿಟುಮೆನ್ ಪದರವಿದೆ. ಅದು ಸಿಂಧೂನದಿಯ ಮಾತು. ನಮ್ಮ ಸೀಮೆಯ ನೆಲವಾದರೋ ಜೀವರಾಶಿಯು ವಿಪುಲವಾಗಿ ಬೆಳೆಯುವುದಕ್ಕೆ ಎಷ್ಟೋ ಹಿಂದೆಯೇ ಹೆಪ್ಪುಗಟ್ಟಿದ ಆದಿಶಿಲೆ. ಶಿಲಾತೈಲವು ಇಲ್ಲಿ ಒಸರುವುದಕ್ಕೆ ಆಸ್ಪದವಿಲ್ಲ. ಆದುದರಿಂದ ಶ್ರೀರಂಗಪಟ್ಟಣದ ಸುತ್ತಣ ಹಳೆಯ ಕಟ್ಟಡಗಳಲ್ಲಿ ಡಾಂಬರನ್ನು ಹುಡುಕುವುದು ವ್ಯರ್ಥ.

ಅರಗಿನ ಮಾತು ಬಂದಾಗ ಪಾಂಡವಪುರವನ್ನು ನೆನೆಯದಿರುವುದು ಹೇಗೆ? ಹಿರೋಡೆಯೆಂದು ಹಿಂದೆ ಹೆಸರಾಗಿದ್ದ ಊರು. ಹೈದರ್ ಟಿಪ್ಪುಗಳ ಕಾಲದಲ್ಲಿ ಫ್ರೆಂಚರ ದಂಡು ಅಲ್ಲಿದ್ದುದರಿಂದ ಆಂಗ್ಲರ ಬಾಯಲ್ಲಿ 'ಫ್ರೆಂಚ್ ರಾಕ್ಸ್' ಆಯಿತು. ಕುಂತಿಯೂ ಪಾಂಡವರೂ ಇಲ್ಲಿಯ ಬೆಟ್ಟದಲ್ಲಿ ಕೆಲಕಾಲ ತಂಗಿದ್ದರೆಂಬ ಜನಶ್ರುತಿಯ ಮೇಲೆ ಪಾಂಡವಪುರವೆಂಬ ಹೆಸರನ್ನು ತಾಳಿತು. ಅವರು ಅಲೆದಾಡಿದುದು ಜತುಗೃಹದ ಬೆಂಕಿಯಿಂದ ತಪ್ಪಿಸಿಕೊಂಡ ಮೇಲಲ್ಲವೆ? ಕವಿಯ ಕಲ್ಪನೆಯಲ್ಲಿಯೂ ಒಂದು ದ್ರವ್ಯಜ್ಞಾನವಿದೆ: ಅರಗು, ರಾಳ, ತುಪ್ಪ, ಎಣ್ಣೆಗಳಿಂದ ಮೆತ್ತಿದ ಮನೆಯು ಮಳೆಗೆ ಭದ್ರವಾದರೂ ಒಂದು ಕಿಡಿಗೆ ಭಸ್ಮ. ಈ ವರ್ಗದ ಲೇಪಗಳ ಗುಣದೋಷಗಳೆರಡನ್ನೂ ಭಾರತಕಾರನು ಬಲ್ಲನು.

ಈಗ ವಜ್ರಲೇಪ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಇದಕ್ಕೆ ಒಂದು ಚಿಕ್ಕ ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಎಳೆಯ ತೂಪರೆಕಾಯಿ, ಎಳೆಯ ಬೇಲದಕಾಯಿ, ಬೂರುಗದ ಹೂವು, ಸಲ್ಲಕಿಯ ಬೀಜ, ಧನ್ವನದ ತೊಗಟೆ, ಬಜೆ ಇವುಗಳನ್ನು ಒಂದು ದ್ರೋಣ ನೀರಿನಲ್ಲಿ ಹಾಕಿ ಎಂಟನೆಯ ಒಂದು ಪಾಲಿಗೆ ಇಳಿಯುವಂತೆ ಕುದಿಸಬೇಕು. ಆ ಕಷಾಯಕ್ಕೆ ಶ್ರೀವಾಸಕ, ಬೋಳ, ಗುಗ್ಗುಲು, ಗೇರುಬೀಜ, ಕುಂದುರು, ಸರ್ಜರಸ, ಅಗಸೆ, ಬಿಲ್ವ ಇವುಗಳ ಕಲ್ಕವನ್ನು ಸೇರಿಸಿ, ಕಾದಿರುವಾಗಲೇ ಲೇಪಿಸಬೇಕು. ಪ್ರಾಸಾದ, ಹರ್ಮ್ಯ, ವಲಭಿ, ಲಿಂಗ, ಪ್ರತಿಮೆ, ಗೋಡೆ, ಬಾವಿ ಇವು ಲೇಪದ ಸ್ಥಾನಗಳು. ಬಾವಿಯನ್ನು ಹೇಳಿರುವುದರಿಂದ ನೀರನ್ನು ತಡೆಯುವ ಉದ್ದೇಶವು ಸ್ಪಷ್ಟ. ಅದು ಒಂದು ಕೋಟಿ ವರ್ಷ ನಿಲ್ಲುವುದೆಂಬ ಫಲಶ್ರುತಿಯನ್ನು ಅರ್ಥವಾದವೆಂದು ಬಿಡೋಣ. ಎರಡನೆಯ ಪಾಕದಲ್ಲಿ ಅರಗೂ ಮನೆಯ ಕರಿಯೂ ಸೇರುತ್ತವೆ. ಮೂರನೆಯದಾದ ವಜ್ರತಲದಲ್ಲಿ ಹಸು ಎಮ್ಮೆ ಆಡುಗಳ ಕೊಂಬು, ಕತ್ತೆಯ ಕೂದಲು, ಚರ್ಮ ಮುಂತಾದವು ಬರುತ್ತವೆ. ನಾಲ್ಕನೆಯದು ಮಯನು ಹೇಳಿದ ವಜ್ರಸಂಘಾತ: ಸೀಸ ಎಂಟು ಪಾಲು, ಕಂಚು ಎರಡು, ಹಿತ್ತಾಳೆಯ ಕಿಲುಬು ಒಂದು. ಇದು ಲೋಹದ ಎರಕ. ಇದನ್ನು ಓದಿದಾಗಲೆಲ್ಲ ಕಂಚು ಹಿತ್ತಾಳೆಗಳ ಕೆಲಸಕ್ಕೆ ಹೆಸರಾದ ನಾಗಮಂಗಲದ ಕುಶಲಿಗಳು ನನ್ನ ನೆನಪಿಗೆ ಬರುತ್ತಾರೆ.

ಈ ನಾಲ್ಕು ಪಾಕಗಳಲ್ಲಿ ಎಲ್ಲಿಯೂ ಶಿಲಾಜತುವಿಲ್ಲ, ಸುಣ್ಣವೂ ಇಲ್ಲ. ಈ ಎರಡು ಅಭಾವಗಳನ್ನು ಎತ್ತಿ ಹೇಳಬೇಕಾಗಿದೆ. ವಜ್ರಲೇಪವೆಂದರೆ ಡಾಂಬರೆನ್ನುವವರಿಗೆ ಮೊದಲನೆಯದು ಉತ್ತರ. ವಜ್ರಲೇಪವೆಂದರೆ ನಮ್ಮ ವಜ್ರಗಾರೆಯೇ ಎನ್ನುವವರಿಗೆ ಎರಡನೆಯದು. ಇಷ್ಟರ ಮೇಲೆ ಈ ಹೆಸರಿನ ಅರ್ಥವು ಒಂದೆಡೆ ನಿಂತುದೂ ಅಲ್ಲ. ಕಲ್ಯಾಣದ ಚಾಲುಕ್ಯ ಭೂಲೋಕಮಲ್ಲ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರಕರ್ಮವನ್ನು ಹೇಳುವಾಗ ವಜ್ರಲೇಪವೆಂದರೆ ಹಸಿಯ ಎಮ್ಮೆಯ ಚರ್ಮವನ್ನು ಬೆಣ್ಣೆಯಂತಾಗುವವರೆಗೆ ನೀರಿನಲ್ಲಿ ಬೇಯಿಸಿ, ಕಡ್ಡಿಗಳನ್ನಾಗಿ ಮಾಡಿ ಒಣಗಿಸಿದ ಅಂಟು. ಅದನ್ನು ಬಿಸಿನೀರಿನಲ್ಲಿ ಕರಗಿಸಿ ಬಣ್ಣಕ್ಕೆ ಬೆರೆಸುವುದು. ಕನ್ನಡನಾಡಿನ ಅರಸನೊಬ್ಬನು ಬರೆದ ಗ್ರಂಥದಲ್ಲಿಯೇ, ಹೊಯ್ಸಳರ ಗುಡಿಗಳು ಏಳುತ್ತಿದ್ದ ಕಾಲದಲ್ಲಿಯೇ, ವಜ್ರಲೇಪ ಶಬ್ದಕ್ಕೆ ನೀರಿನಲ್ಲಿ ಕರಗುವ ಸರೇಸೆಂಬ ಅರ್ಥವಿದ್ದಿತು. ಹೀಗಿರಲು ಕಿಕ್ಕೇರಿಯ ಗೋಡೆಗೆ ವಜ್ರಲೇಪವನ್ನು ಹಚ್ಚಿದ್ದರೆಂದು ಹೇಳುವವರು ಯಾವ ವಜ್ರಲೇಪವನ್ನು ಎಂದು ಮೊದಲು ಹೇಳಬೇಕು. ಅನ್ಯತ್ರ ಮಾಡಿದ ಪಾಪವು ಪುಣ್ಯಕ್ಷೇತ್ರದಲ್ಲಿ ಕಳೆಯುವುದು, ಪುಣ್ಯಕ್ಷೇತ್ರದಲ್ಲಿಯೇ ಮಾಡಿದ ಪಾಪವು ವಜ್ರಲೇಪವಾಗುವುದು ಎಂಬ ಆಭಾಣಕವು ಮೇಲುಕೋಟೆಯ ಯಾತ್ರಿಕರಿಗೆ ಪರಿಚಿತವೇ. ಲೋಕರೂಢಿಯಲ್ಲಿ ಉಳಿದುದು ಈ ಲಾಕ್ಷಣಿಕಾರ್ಥವೊಂದೇ, ದ್ರವ್ಯವು ಮರೆತುಹೋಯಿತು.

ಹಾಗಾದರೆ ಮ್ಯಾಸ್ಟಿಕ್ ಪಾಕಕ್ಕೆ ಸಮೀಪವಾದುದು ನಮ್ಮಲ್ಲಿ ಏನೂ ಇಲ್ಲವೆ? ಇದೆ. ಅದು ಗ್ರಂಥದಲ್ಲಿ ಮಾತ್ರವೇ ಉಳಿದುದಲ್ಲ, ಇಂದಿಗೂ ನಡೆಯುತ್ತಿರುವುದು. ಆಗಮೋಕ್ತವಾಗಿ ಪ್ರತಿಷ್ಠೆಯಾದ ದೇವಾಲಯಗಳಲ್ಲಿ ಮೂಲಮೂರ್ತಿಗೂ ಪೀಠಕ್ಕೂ ನಡುವಣ ಸಂದಿಗೆ ತುಂಬುವ ಅಷ್ಟಬಂಧವೇ ಅದು. ಅರಗು, ರಾಳ, ಜೇನುಮೇಣ, ಕಾವಿಕಲ್ಲು, ಸುಣ್ಣಕಲ್ಲಿನ ಪುಡಿ, ಇಂಗುಲೀಕ, ಹತ್ತಿ, ಎಮ್ಮೆಯ ಬೆಣ್ಣೆ ಎಂಬ ಎಂಟು ದ್ರವ್ಯಗಳು; ಸಂಪ್ರದಾಯಭೇದದಿಂದ ಒಂದೆರಡು ಬದಲಾಗುವುದುಂಟು. ಕರಗುವವುಗಳನ್ನು ಕರಗಿಸಿ, ಪುಡಿಗಳನ್ನು ಕೂಡಿಸಿ, ಕಲ್ಲಿನ ಮೇಲಿಟ್ಟು ಬೆಣ್ಣೆ ಸವರುತ್ತ ಮೇಣದ ಹದಕ್ಕೆ ಬರುವವರೆಗೆ ಕುಟ್ಟುತ್ತಾರೆ. ಕೈಯಿಂದ ಒತ್ತಿ ತುಂಬಿದ ಪಾಕವು ದಿನಗಳು ಕಳೆದಂತೆ ಕಲ್ಲಿನಂತಾಗುತ್ತದೆ. ಅಭಿಷೇಕದ ನೀರು ಹಾಲುಗಳು ಪೀಠದೊಳಕ್ಕೆ ಇಳಿಯವು, ಮೂರ್ತಿಯೂ ಅಲುಗದು. ಹನ್ನೆರಡು ವರ್ಷಗಳಿಗೊಮ್ಮೆ ಅದನ್ನು ತೆಗೆದು ಹೊಸದಾಗಿ ಹಾಕುವುದು ವಾಡಿಕೆ.

ಇಲ್ಲಿಯ ಯುಕ್ತಿಯನ್ನು ನೋಡಬೇಕು. ಅರಗೂ ರಾಳವೂ ಅಂಟಿಸುವವು. ಆದರೆ ಅವು ಮಾತ್ರವೇ ಇದ್ದರೆ ಗಾಜಿನಂತೆ ಒಡೆಯುತ್ತವೆ. ಮೇಣ ಬೆಣ್ಣೆಗಳು ಆ ಒರಟುತನವನ್ನು ಕಳೆಯುತ್ತವೆ. ಕಾವಿ, ಕಲ್ಲುಪುಡಿಗಳು ಅಂಟನ್ನು ತಮ್ಮ ಮೈಗೆ ಹೀರಿಕೊಂಡು, ಹರಿದುಹೋಗದಂತೆ ಬಿಗಿಮಾಡಿ, ತೆರಪುಗಳನ್ನು ತುಂಬುತ್ತವೆ. ಹತ್ತಿಯು ನಾರಾಗಿ ಬಿರುಕನ್ನು ತಡೆಯುತ್ತದೆ. ಮ್ಯಾಸ್ಟಿಕ್ ಆಸ್ಫಾಲ್ಟಿನಲ್ಲಿ ಅರಗಿನ ಸ್ಥಾನದಲ್ಲಿ ಬಿಟುಮೆನ್, ಪುಡಿಯ ಸ್ಥಾನದಲ್ಲಿ ಅದೇ ಸುಣ್ಣಕಲ್ಲಿನ ಹುಡಿ. ಈಚಿನ ಕೆಲವು ರಸ್ತೆಪಾಕಗಳಿಗೆ ನಾರನ್ನು ಸೇರಿಸುವುದೂ ಉಂಟು. ದ್ರವ್ಯಗಳು ಬೇರೆ, ಯುಕ್ತಿಯೊಂದೇ. ಗೌರವಿಸತಕ್ಕ ಸಾಮ್ಯವೆಂದರೆ ಇದು. ವಿಮಾನದ ಕಥೆಗಳಂತೆ ಊಹೆಯಿಂದ ಕಟ್ಟಿದುದಲ್ಲ. ಕುಟ್ಟುವವರ ಕೈಯಲ್ಲಿ ಇನ್ನೂ ಇರುವ ವಿದ್ಯೆ. ಆದರೆ ಅದರ ಪ್ರಮಾಣವನ್ನು ಮರೆಯಬಾರದು. ಒಂದು ಪೀಠಕ್ಕೆ ಸಾಕಾಗುವಷ್ಟು ಅರಗನ್ನು ಕೂಡಿಸಬಹುದು. ಒಂದು ಮಾಳಿಗೆಗೆ, ಒಂದು ನಾಲೆಗೆ ಎಲ್ಲಿಂದ ತರುವುದು? ದೊಡ್ಡ ಕೆಲಸಕ್ಕೆ ಬೇರೆ ವರ್ಗದ ದ್ರವ್ಯವೇ ಬೇಕಾಯಿತು.

ಆ ವರ್ಗವು ಸುಣ್ಣದ್ದು. ಅರಗಿನ ವರ್ಗವು ಕಾಯಿಸಿದರೆ ಕರಗಿ ಆರಿದರೆ ಗಟ್ಟಿಯಾಗುವುದು. ಎಷ್ಟು ಸಲ ಬೇಕಾದರೂ ಹಾಗೆ ಮಾಡಬಹುದು. ಸುಣ್ಣದ ವರ್ಗವು ನೀರಿನಿಂದ ಕಲಸಿಕೊಂಡು ಗಾಳಿಯಿಂದ ಕಲ್ಲಾಗುವುದು. ಒಮ್ಮೆ ಕಲ್ಲಾದುದು ಮತ್ತೆ ಮೆತ್ತಗಾಗದು. ಸುಟ್ಟ ಸುಣ್ಣವು ಗಾಳಿಯಲ್ಲಿರುವ ಅಂಗಾರಾಮ್ಲವನ್ನು ಹೀರಿ, ತಾನು ಯಾವ ಕಲ್ಲಿನಿಂದ ಹುಟ್ಟಿತೋ ಆ ಕಲ್ಲಾಗಿ ಪರಿಣಮಿಸುವುದು. ಇದಕ್ಕೆ ಸುಟ್ಟ ಇಟ್ಟಿಗೆಯ ಪುಡಿಯನ್ನು ಬೆರೆಸಿದರೆ, ಸುಟ್ಟ ಮಣ್ಣಿನ ಸತ್ತ್ವವು ಸುಣ್ಣದೊಡನೆ ಕೂಡಿ, ಗಾಳಿಯಿಲ್ಲದ ನೀರಿನ ಅಡಿಯಲ್ಲಿಯೂ ಗಟ್ಟಿಯಾಗುವ ಗುಣವನ್ನು ಪಡೆಯುವುದು. ಆ ಪುಡಿಯೇ ಸುರ್ಕಿ. ಇಲ್ಲಿಯ ಶಬ್ದಗಳೂ ವಿಚಾರಾರ್ಹವಾಗಿವೆ. ಸುಣ್ಣವು ಚೂರ್ಣದ ತದ್ಭವ. ಸುರ್ಕಿಯು ಕೆಂಪೆಂಬ ಅರ್ಥದ ಪಾರಸಿಕ ಶಬ್ದದಿಂದ ಬಂದುದು. ಗಚ್ಚು ಕೂಡ ಪಾರಸಿಕದ್ದೇ. ಗಾರೆಯು ಹಿಂದಿ ಮರಾಠಿಗಳ ಗಾರಾದೊಡನೆ ಒಂದು. ಇವುಗಳಿಗಿಂತ ಹಿಂದಿನ ಕಾವ್ಯಭಾಷೆಯಲ್ಲಿ ಸುಣ್ಣದ ಲೇಪಕ್ಕೆ ಸುಧೆಯೆಂದು ಹೆಸರು. ಅಮೃತವೂ ಸುಧೆ, ಗೋಡೆಯ ಬಿಳುಪೂ ಸುಧೆಯಾದುದರಿಂದ ಕವಿಗಳಿಗೆ ಶ್ಲೇಷದ ಸುಗ್ಗಿ. ಸುಧೆಯನ್ನು ಲೇಪಿಸಿದ ಮನೆ ಸೌಧ. ಬೆಂಗಳೂರಿನಲ್ಲಿ ೧೯೫೬ರಲ್ಲಿ ಮುಗಿದ ಸೌಧವು ಕಣಶಿಲೆಯದು. ವ್ಯುತ್ಪತ್ತಿಗೆ ಅದು ಅಂಜಬೇಕಾಗಿಲ್ಲ.

ನಮ್ಮ ಸೀಮೆಯ ಕಟ್ಟಡಗಳಿಗೆ ಬರೋಣ. ೧೧೭೧ರಲ್ಲಿ ನಿರ್ಮಿತವಾದ ಕಿಕ್ಕೇರಿಯ ಬ್ರಹ್ಮೇಶ್ವರ, ಹದಿಮೂರನೆಯ ಶತಮಾನದ ಹೊಸಹೊಳಲಿನ ಲಕ್ಷ್ಮೀನಾರಾಯಣ ಮತ್ತು ಗೋವಿಂದನಹಳ್ಳಿಯ ಪಂಚಲಿಂಗ, ಇವು ಕೃಷ್ಣರಾಜಪೇಟೆಯ ತಾಲ್ಲೂಕಿನವು. ನಾಗಮಂಗಲದ ಸೌಮ್ಯಕೇಶವವೂ ಹೊಯ್ಸಳರ ಕಾಲದ್ದೇ. ಅನಂತರ ಬೆಳ್ಳೂರು ದಾರಿಯ ಆಚೆ ಕಂಬದಹಳ್ಳಿ. ಇವುಗಳ ಗೋಡೆಗಳಲ್ಲಿ ಕಲ್ಲಿಗೂ ಕಲ್ಲಿಗೂ ನಡುವೆ ಅರಗೂ ಇಲ್ಲ, ಗಾರೆಯೂ ಇಲ್ಲ. ಕಲ್ಲನ್ನು ನುಣುಪಾಗಿ ತೀಡಿ, ಒಂದರ ಮೇಲೊಂದನ್ನು ಕೂಡಿಸಿ, ಭಾರದಿಂದಲೇ ನಿಲ್ಲಿಸಿದುದು. ಲೇಪವು ಬೇಕಾದುದು ಮಾಳಿಗೆಯಲ್ಲಿ. ಚಪ್ಪಡಿಗಳ ಸಂದುಗಳಿಂದ ಮಳೆಯ ನೀರು ಇಳಿಯದಂತೆ ಮೇಲುಗಡೆ ಇಟ್ಟಿಗೆಯ ಚೂರೂ ಸುಣ್ಣವೂ ಕೂಡಿದ ದಪ್ಪನೆಯ ಹೊದಿಕೆಯನ್ನು ಹಾಕಿ, ಬಡಿದು, ಓರೆಮಾಡಿ, ನಯಮಾಡುವುದು ಪದ್ಧತಿ. ಬೆಲ್ಲದ ನೀರು, ಅಳಲೆಕಾಯಿಯ ಕಷಾಯಗಳನ್ನು ಗಾರೆಗೆ ಬೆರೆಸುವುದು ದಕ್ಷಿಣದೇಶದ ಮಾಳಿಗೆಗಳ ಕೆಲಸದಲ್ಲೆಲ್ಲ ಪ್ರಸಿದ್ಧವಾಗಿದೆ. ವಜ್ರಲೇಪದ ಬೇಲ ಬಿಲ್ವಗಳು ಇಲ್ಲಿಗೂ ಹೇಗೋ ನುಸುಳಿವೆ. ಬಿಲ್ವದ ತಿರುಳನ್ನು ಗಾರೆಗೆ ಸೇರಿಸುವವರುಂಟು. ಎರಡು ವರ್ಗಗಳೂ ಒಂದನ್ನೊಂದು ಮುಟ್ಟುವುದು ಇಷ್ಟರಲ್ಲಿ ಮಾತ್ರ.

ಶ್ರೀರಂಗಪಟ್ಟಣಕ್ಕೆ ನೀರನ್ನು ತರುವ ಬಂಗಾರದೊಡ್ಡಿಯ ನಾಲೆಯು ಕಂಠೀರವ ನರಸರಾಜ ಒಡೆಯರ (೧೬೩೮-೧೬೫೯) ಕಾಲದ್ದೆಂದು ಪ್ರಸಿದ್ಧಿ. ಅದು ಕಾವೇರಿಯ ಕವಲನ್ನು ಮೇಲ್ಗಾಲುವೆಯಿಂದ ದಾಟಿ ದ್ವೀಪವನ್ನು ಸೇರುತ್ತದೆ. ನೀರಿನ ಮೇಲೆ ನೀರನ್ನು ನಡೆಸುವ ಈ ಕೆಲಸದಲ್ಲಿ ಕಲ್ಲಿನ ಸಂದುಗಳನ್ನು ಬಿಗಿಯುವ ಗಾರೆಯೇ ಪ್ರಾಣ.

ಇದೇ ದ್ವೀಪದಲ್ಲಿ ನಾಲ್ಕು ವರ್ಷಗಳ ಅಂತರದಲ್ಲಿ ಎರಡು ಕೆಲಸಗಳಾದುವು. ಅವುಗಳನ್ನು ಹೋಲಿಸುವುದು ಉಪಯುಕ್ತ. ದಿವಾನ್ ಪೂರ್ಣಯ್ಯನವರು ಕಟ್ಟಿಸಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟ ಸೇತುವೆಯು ೧೮೦೪ರಲ್ಲಿ ಮುಗಿಯಿತು. ನದಿಯ ಬಂಡೆಯಲ್ಲಿ ನೆಟ್ಟ ಕಲ್ಲುಕಂಬಗಳ ಸಾಲುಗಳು, ಅವುಗಳ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ಮೇಲೆ ಚಪ್ಪಡಿ: ಗುಡಿಯ ಮುಖಮಂಟಪವನ್ನೇ ನದಿಯ ಅಡ್ಡಕ್ಕೆ ಎಳೆದಂತಿದೆ. ಇದರ ಬಲವು ಕಲ್ಲಿನ ಭಾರದಲ್ಲಿದೆ, ಅಂಟಿನಲ್ಲಿಲ್ಲ. ನೀರು ಬಂದರೆ ಸಂದುಗಳಲ್ಲಿ ಹರಿದುಹೋಗಲಿ ಎಂಬಂತೆ ಕಟ್ಟಿದ್ದಾರೆ. ೧೯೨೪ರ ಮಹಾಪ್ರವಾಹವು ಬಂದು ಹೋಯಿತು, ಸೇತುವೆಯು ನಿಂತಿತು. ಎರಡನೆಯದು, ಮದರಾಸಿನ ಎಂಜಿನಿಯರ್ ದಳದ ಕ್ಯಾಪ್ಟನ್ ಡಿ ಹ್ಯಾವಿಲೆಂಡ್ ೧೮೦೮ರಲ್ಲಿ ಕಟ್ಟಿದ ಇಟ್ಟಿಗೆಯ ಕಮಾನು. ಕಾವೇರಿಗೆ ಇಂತಹ ಐದು ಕಮಾನುಗಳಿಂದ ಸೇತುವೆ ಕಟ್ಟಬಹುದೆಂದು ಆತನು ಹೇಳಿದನು. ನಂಬದವರಿಗೆ ತೋರಿಸುವುದಕ್ಕೋಸ್ಕರ ನೆಲದ ಮೇಲೆ ಒಂದನ್ನು ಕಟ್ಟಿ ನಿಲ್ಲಿಸಿದನು. ನೂರು ಅಡಿಗೂ ಮಿಕ್ಕ ಹರವು, ತೆಳುವಾದ ಮೈ, ಎತ್ತರ ಅತ್ಯಲ್ಪ. ಇಟ್ಟಿಗೆಗಳನ್ನು ಹಿಡಿದುಕೊಂಡಿದ್ದುದು ಗಾರೆಯೊಂದೇ. ಅದರ ಕೆಳಗೆ ನೀರು ಹರಿಯಲೇ ಇಲ್ಲ, ಮೇಲೆ ಬಂಡಿಯೂ ಓಡಲಿಲ್ಲ. ಆದರೂ ಬಿಸಿಲು ಮಳೆಗಳಿಗೆ ಮೈಯೊಡ್ಡಿ ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ನಿಂತಿದ್ದು, ೧೯೩೦ರ ದಶಕದಲ್ಲಿ ಬಿದ್ದಿತು. ಇದನ್ನು ಸೋಲೆಂದು ಬರೆದವರ ಅಭಿಪ್ರಾಯಕ್ಕೆ ನಾನು ಒಪ್ಪುವುದಿಲ್ಲ. ಗಾರೆಯ ಶಕ್ತಿಗೆ ಇಂತಹ ನಿರ್ದಾಕ್ಷಿಣ್ಯವಾದ ಪರೀಕ್ಷೆಯು ಈ ದೇಶದಲ್ಲಿ ಮತ್ತೊಂದು ನಡೆದಿರುವುದು ಸಂದೇಹ.

ಕನ್ನಂಬಾಡಿಯ ಕಟ್ಟೆಯು ಈ ಪರಂಪರೆಯ ಶಿಖರವು. ೧೯೧೧ರಲ್ಲಿ ಆರಂಭವಾಗಿ ೧೯೩೨ರಲ್ಲಿ ಮುಗಿದ, ಸುಮಾರು ೮,೬೦೦ ಅಡಿ ಉದ್ದದ ಈ ಕಟ್ಟೆಯನ್ನು ಸಿಮೆಂಟಿನಿಂದಲ್ಲ, ಸುರ್ಕಿಯ ಗಾರೆಯಿಂದ ಕಟ್ಟಿದರು. ಭಾರತದಲ್ಲಿ ಸಿಮೆಂಟಿನ ತಯಾರಿಕೆಯು ಆಗತಾನೆ ಮೊಳೆಯುತ್ತಿದ್ದ ಕಾಲ. ಪೋರಬಂದರಿನ ಕಾರ್ಖಾನೆಯು ಕೆಲಸಕ್ಕೆ ಮೊದಲಿಟ್ಟುದೇ ೧೯೧೪ರಲ್ಲಿ. ಹೊರದೇಶದ ಸರಕಿಗೆ ತೆರುವ ಹಣವು ಸಂಸ್ಥಾನಕ್ಕೆ ಭಾರ. ಎಂಜಿನಿಯರ್ ವಿಶ್ವೇಶ್ವರಯ್ಯನವರೂ ಅವರ ಅನಂತರದವರೂ ಹಳೆಯ ದ್ರವ್ಯವನ್ನು ಹೊಸ ಗಣಿತದಿಂದ ಅಳೆದು ಬಳಸಿದರು. ಕಟ್ಟೆಯ ಮಟ್ಟವು ೧೨೪.೮೦ ಅಡಿಗೆ ಬಂದಿತೆಂಬ ವಾರ್ತೆಯನ್ನು ಪ್ರತಿ ಮಳೆಗಾಲದಲ್ಲಿಯೂ ಕಾತರದಿಂದ ಓದುವ ನಾವು, ಆ ನೀರಿನ ಒತ್ತಡವನ್ನು ತಡೆದಿರುವುದು ಸುಟ್ಟ ಮಣ್ಣೂ ಸುಟ್ಟ ಸುಣ್ಣವೂ ಎಂಬುದನ್ನು ನೆನೆಯುವುದು ಅಪೂರ್ವ. ಬೆಲ್ಲ, ಮೊಟ್ಟೆಯ ಬಿಳುಪುಗಳನ್ನು ಬೆರೆಸಿದರೆಂದು ಜನರು ಆಡಿಕೊಳ್ಳುವುದುಂಟು. ಅಷ್ಟು ಕೋಳಿಗಳು ಸಂಸ್ಥಾನದಲ್ಲಿದ್ದುವೇ ಎಂದು ಕೇಳಿದರೆ ಸಾಕು. ಕಟ್ಟೆಯ ದಾರ್ಢ್ಯಕ್ಕೆ ಸುರ್ಕಿಯ ಗುಣವೇ ಸಾಕಾದ ಕಾರಣವಾಗಿರುವಾಗ ಕಥೆಯು ಬೇಡ. ವಜ್ರಲೇಪವಂತೂ ಇಲ್ಲಿ ಲೇಶಮಾತ್ರವೂ ಇಲ್ಲ.

ಇಷ್ಟನ್ನು ಹೇಳಬೇಕಾದುದು ಏಕೆಂದರೆ, ವರ್ಗಭೇದವನ್ನು ಅರಿಯದವನ ಕೈಗೆ ಹಳೆಯ ಮಾಳಿಗೆಯು ಸಿಕ್ಕಿದರೆ ಅನರ್ಥವಾಗುತ್ತದೆ. ಗಾರೆಯು ನೀರನ್ನು ತಡೆಯುವ ಬಗೆಯು ಡಾಂಬರಿನದಲ್ಲ. ಅದು ಮಳೆಯಲ್ಲಿ ಸ್ವಲ್ಪ ನೀರನ್ನು ಕುಡಿದು ಬಿಸಿಲಿನಲ್ಲಿ ಬಿಟ್ಟುಕೊಡುತ್ತದೆ. ಗೋಡೆಯೊಳಗಿನ ತೇವವೂ ಅದರ ಮೂಲಕ ಹೊರಕ್ಕೆ ಹೋಗುತ್ತದೆ. ಡಾಂಬರಿನ ಪಾಕವು ಪೂರ್ತಿಯಾಗಿ ಬಾಯಿ ಮುಚ್ಚುವುದು. ಹೊಸ ಸೇತುವೆಗೆ ಅದೇ ಗುಣ. ಹಳೆಯ ಗುಡಿಗೆ ಅದೇ ದೋಷ. ಮೇಲಿನ ಬಿರುಕಿನಿಂದ, ಪಕ್ಕದ ಗೋಡೆಯಿಂದ, ಬೇರುಬಿಟ್ಟ ಗಿಡದ ಸಂದಿನಿಂದ ಒಳಸೇರಿದ ನೀರು ಹೊರಡಲು ದಾರಿಯಿಲ್ಲದೆ ಕೆಳಗಿನ ಮೃದುವಾದ ಬಳಪದ ಕಲ್ಲಿಗೆ ಇಳಿಯುತ್ತದೆ. ಅಲ್ಲಿಯ ಲವಣಗಳು ಕಲ್ಲಿನ ಮೈಯನ್ನು ಹೊಪ್ಪಳಿಕೆಗಳಾಗಿ ಎಬ್ಬಿಸುತ್ತವೆ. ಭುವನೇಶ್ವರಿಯ ಕೆಳಗೆ ನಿಂತು ಸೋರುವಿಕೆಯು ನಿಂತಿತೆಂದು ಸಂತೋಷಪಟ್ಟವರಿಗೆ ಕೆಲವು ವರ್ಷಗಳ ಮೇಲೆ ವಿಗ್ರಹಗಳ ಮೂಗು ಬೆರಳುಗಳು ಉದುರುವುದು ಕಾಣುತ್ತದೆ. ಸಿಮೆಂಟಿನ ತೇಪೆಗೂ ಬಹುಮಟ್ಟಿಗೆ ಇದೇ ಆಕ್ಷೇಪಣೆ ಸಲ್ಲುತ್ತದೆ. ಪುರಾತನ ಕಟ್ಟಡಗಳ ರಕ್ಷಣೆಯನ್ನು ಬಲ್ಲವರು ಮಾಳಿಗೆಯ ಹಳೆಯ ಹೊದಿಕೆಯನ್ನು ಎಬ್ಬಿಸಿ ಮತ್ತೆ ಸುಣ್ಣದ ಗಾರೆಯನ್ನೇ ಹಾಕಬೇಕೆನ್ನುವುದು ಈ ಕಾರಣದಿಂದ. 'ನಮ್ಮ ಹಿರಿಯರೂ ವಜ್ರಲೇಪವೆಂಬ ಡಾಂಬರನ್ನು ಹಾಕುತ್ತಿದ್ದರು' ಎಂಬ ಮಾತು ಊರಿನ ಧರ್ಮದರ್ಶಿಗಳ ಕಿವಿಗೆ ಬಿದ್ದರೆ, ಅವರು ಸದ್ಭಾವದಿಂದಲೇ ಕರಿಯ ಪಾಕವನ್ನು ಕಾಯಿಸಿ ಸುರಿಸಿಯಾರು. ಪಂಡಿತನ ಅಪಾರ್ಥವು ಇಲ್ಲಿ ಕಲ್ಲನ್ನು ತಿನ್ನುತ್ತದೆ.

ಕೋಶಗಳ ವಿಷಯದಲ್ಲಿ ಎರಡು ಸೂಚನೆಗಳು. ಆಸ್ಫಾಲ್ಟಿಗೆ ಶಿಲಾಜತುವೆಂಬ ಅನುವಾದವನ್ನು ಕೈಬಿಡುವುದು ಲೇಸು. ಅದು ವೈದ್ಯರ ಸೊತ್ತು. ಜನರು ಡಾಂಬರೆನ್ನುತ್ತಾರೆ, ಹಾಗೆಯೇ ಇರಲಿ. ಮರದಿಂದ ಹೊರಟು ಕಡಲನ್ನು ದಾಟಿ ರಸ್ತೆಯನ್ನು ಸೇರಿದ ಶಬ್ದಕ್ಕೆ ನಮ್ಮ ಮುದ್ರೆಯು ಬೇಕಾಗಿಲ್ಲ. ಕಲ್ಲಿದ್ದಲಿನ ಟಾರಿಗೂ ಶಿಲಾತೈಲದ ಬಿಟುಮೆನಿಗೂ ಆ ಒಂದೇ ಹೆಸರು ಸಲ್ಲುತ್ತಿರುವುದನ್ನು ಶಾಸ್ತ್ರಗ್ರಂಥಗಳಲ್ಲಿ ಬೇರ್ಪಡಿಸಿಕೊಂಡರಾಯಿತು. ಮ್ಯಾಸ್ಟಿಕ್ ಪಾಕಕ್ಕೆ ಕನ್ನಡದ ಹೆಸರು ಬೇಕೇಬೇಕೆಂದರೆ ಅಷ್ಟಬಂಧದ 'ಬಂಧ'ವನ್ನು ಹಿಡಿದು 'ಡಾಂಬರುಬಂಧ' ಎನ್ನಬಹುದು. ಗಾರೆಯೆಂದು ಮಾತ್ರ ಅನ್ನಬಾರದು.

ಎರಡನೆಯದು ಶಾಸನಗಳನ್ನೂ ಹಳೆಯ ಕಡತಗಳನ್ನೂ ಸಂಪಾದಿಸುವವರಿಗೆ. ಇಂದು 'ಗಾರೆಯ ಕೆಲಸ'ವೆಂದರೆ ಸಿಮೆಂಟಿನ ಕೆಲಸ. ಕೃಷ್ಣರಾಜಪೇಟೆಯ ಸಂತೆಯಲ್ಲಿ ಗಾರೆಯವನನ್ನು ಕರೆದರೆ ಬರುವವನ ಚೀಲದಲ್ಲಿ ಸುಣ್ಣವಿರುವುದಿಲ್ಲ. ಈ ಅರ್ಥಪಲ್ಲಟವು ಕನ್ನಂಬಾಡಿಯ ಕಟ್ಟೆ ಮುಗಿದ ಮೇಲಣ ಎರಡು ಮೂರು ತಲೆಮಾರುಗಳಲ್ಲಿ ಆದುದು. ಆದುದರಿಂದ ಗಚ್ಚುಗಾರೆ, ವಜ್ರಗಾರೆ, ಸುಧೆ ಎಂಬ ಶಬ್ದಗಳು ಮೂಲದಲ್ಲಿ ಬಂದಲ್ಲಿ ಟಿಪ್ಪಣಿಯಲ್ಲಿ 'ಸುಣ್ಣದ್ದು' ಎಂದೂ, ಸುರ್ಕಿಯು ಸೇರಿದ್ದರೆ ಅದನ್ನೂ ಬಿಡಿಸಿ ಬರೆಯಬೇಕು; ಲಾಕ್ಷಾ, ಸರ್ಜರಸ, ಜತುಗಳು ಬಂದಲ್ಲಿ ಅರಗಿನ ವರ್ಗದ್ದೆಂದು ತೋರಿಸಬೇಕು. ಅಷ್ಟಬಂಧವನ್ನು ಕುಟ್ಟುವ ಮನೆತನಗಳ ಬಾಯಲ್ಲಿ ಹದಕ್ಕೂ ಶಾಖಕ್ಕೂ ಕುಟ್ಟಿನ ಲೆಕ್ಕಕ್ಕೂ ಇರುವ ಮಾತುಗಳನ್ನೂ ಈಗಲೇ ಬರೆದಿಟ್ಟುಕೊಂಡರೆ, ವರಾಹಮಿಹಿರನ ಆ ಚಿಕ್ಕ ಅಧ್ಯಾಯಕ್ಕೆ ಕನ್ನಡದಲ್ಲಿ ಒಂದು ಒಳ್ಳೆಯ ವ್ಯಾಖ್ಯಾನವನ್ನು ಬರೆಯುವುದಕ್ಕೆ ಸಾಮಗ್ರಿಯು ದೊರೆಯುವುದು.